ಎಡಕ್ಕೆ ವಾಲಿದ ಕುಣಿಕೆಗಳು

ನಂಬುವವರು ನಂಬಿ, ನಗುವವರು ನಗಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಟೈರ್ ಅಂಗಡಿಯಲ್ಲಿ ದುಡಿಯುವ ನನಗೆ ಕಥೆ ಕಟ್ಟಲು ಬರುವುದಿಲ್ಲ.

ನನ್ನ ತಂಗಿ ಎಡಚಿ. ಅನಿಮೆ ಅಂತ ಜಪಾನಿ ಕಾರ್ಟೂನ್ ನೋಡುತ್ತಾಳೆ, ಅದರಲ್ಲಿ ತನಗಿಷ್ಟದ ನೀಲಿ ಕೂದಲಿನ ಹುಡುಗಿಯ ಗೊಂಬೆಯನ್ನು ಉಲ್ಲನ್ನಿನಲ್ಲಿ ಹೆಣೆಯುತ್ತಿದ್ದಳು. ಗೊಂಬೆ ಕುತ್ತಿಗೆಯವರೆಗೆ ಬಂದಾಗ ಯಾವನೋ ಕುಡುಕ ಅವಳಿಗೆ ಕಾರು ಗುದ್ದಿದ. ಸಿಕ್ಕಿದರೆ ಅವನ ಹಲ್ಲು ಉದುರಿಸುತ್ತೇನೆ. ಅವಳ ಎಡಗೈ ಸ್ವಾಧೀನ ತಪ್ಪಿತು. ಆ ಸಿಟ್ಟಿನಲ್ಲೇ ಫೋನಿನಲ್ಲಿ ವಿಡಿಯೋ ನೋಡಿ ಕೊಕ್ಕೆಕಡ್ಡಿಯ ಕ್ರೋಶಾ ಹೆಣಿಗೆ ಕಲಿತು, ಗೊಂಬೆಯ ತಲೆ ಹೆಣೆಯಲು ಕೂತೆ. ಬಲಗೈಯವನಾದ ನನ್ನ ಕುಣಿಕೆಗಳು ಬಲಕ್ಕೆ ವಾಲುತ್ತವೆ, ಅವಳವು ಎಡಕ್ಕೆ.

ಭಾನುವಾರ ಮಧ್ಯಾಹ್ನ ಮುಖ ತೊಳೆದು ಬಂದೆ. ನನ್ನ ಹೆಣಿಗೆಯ ಮೇಲೆ ಎರಡು ಹೊಸ ಸುತ್ತು, ಎಡಕ್ಕೆ ವಾಲಿದ್ದವು. ದಾರ ಬೆಚ್ಚಗಿತ್ತು, ಬೆವರಿದ ಅಂಗೈ ಹಿಡಿದು ಬಿಟ್ಟಂತೆ ತೇವವಾಗಿತ್ತು.

“ಅಮ್ಮಾ, ಇದನ್ನ ಯಾರು ಮುಟ್ಟಿದ್ದು?”

“ಸೂಜಿಗೆ ದಾರ ಪೋಣಿಸೋಕೇ ನನಗೆ ಕಣ್ಣು ಕಾಣಲ್ಲ, ಇನ್ನು ನಿನ್ನ ಗೊಂಬೆ ಮುಟ್ತೀನಾ?”

ರೇಗಿ ದಾರ ಹಿಡಿದು ಜಗ್ಗಿದೆ. ಒಂದು ಸುತ್ತು ಬಿಚ್ಚಿತು. ಮುಚ್ಚಿದ ಬಾಗಿಲಾಚೆ ತಂಗಿ ಕಿರುಚಿದಳು.

“ಅಣ್ಣಾ, ಬೆರಳು ಎಳೀಬೇಡ!”

ಓಡಿ ಹೋದೆ. ಅವಳು ಒಬ್ಬಳೇ ಮಲಗಿದ್ದಳು. ಎಂಟು ತಿಂಗಳಿಂದ ಸೂಜಿ ಚುಚ್ಚಿದರೂ ತಿಳಿಯದ ಆ ಕೈಯ ತೋರುಬೆರಳಿನ ಸುತ್ತ ದಾರ ಬಿಗಿದ ಕೆಂಪು ಗೆರೆ ಇತ್ತು.

ಆಮೇಲೆ ನಾನು ಗೊಂಬೆ ಮುಟ್ಟಿಲ್ಲ. ಆದರೂ ದಿನಕ್ಕೊಂದು ಸುತ್ತು ಏರುತ್ತಲೇ ಇದೆ. ನಿನ್ನೆ ತಂಗಿಯ ಬೆರಳು ಅಲುಗಿತು. ಅಮ್ಮ ಖುಷಿಯಿಂದ ಅತ್ತಳು.

ತಲೆ ಮುಚ್ಚಲು ಇನ್ನು ಆರು ಕುಣಿಕೆ ಬಾಕಿ. ಮುಚ್ಚಿದ ಮೇಲೆ ದಾರ ಕತ್ತರಿಸಬೇಕು. ಜಗ್ಗಿದ್ದಕ್ಕೇ ಅವಳ ಬೆರಳಿಗೆ ಗೆರೆ ಬಿತ್ತು, ಇನ್ನು ಕತ್ತರಿಸಿದರೆ? ಅದಕ್ಕೇ ಮನೆಯ ಎರಡೂ ಕತ್ತರಿಗಳನ್ನು ಒಯ್ದು ಅಂಗಡಿಯಲ್ಲಿಟ್ಟು ಬೀಗ ಹಾಕಿದೆ.

ಇವತ್ತು ಬೆಳಿಗ್ಗೆ ಒಂದು ಕತ್ತರಿ ಗೊಂಬೆಯ ಪಕ್ಕದಲ್ಲಿತ್ತು. ಅದರ ಹಿಡಿ ಬೆಚ್ಚಗಿತ್ತು.