ಕೊನೆಯ ಮಾಸ್‌ಫೆಟ್

"ಇದೂ ಸತ್ತಿತು," ಎಂದ ಭೀಮಶಿ.

ಸುಟ್ಟ ವಾಸನೆ ಪ್ರಾಜೆಕ್ಟ್ ಲ್ಯಾಬಿನ ಕಿಟಕಿಯವರೆಗೂ ಬಂತು. ಅಲ್ಲಿ ಕೂತಿದ್ದ ದೀಪಾಲಿ ಮೂಗು ಮುಚ್ಚಿಕೊಳ್ಳಲಿಲ್ಲ. ಈಚೆಗೆ ಅದು ಅವರಿಬ್ಬರ ಊದುಬತ್ತಿಯಾಗಿಬಿಟ್ಟಿತ್ತು.

ಎರಡು ಸಾವಿರದ ಮೂರರ ಬೇಸಿಗೆ, ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜು. ಇನ್ನು ಉಳಿದದ್ದು ಒಂದೇ ಮಾಸ್‌ಫೆಟ್: ಮೋಟಾರಿನ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿಯುವ, ಉಗುರಿನಷ್ಟು ಅಗಲದ ಕರೀ ಟ್ರಾನ್ಸಿಸ್ಟರ್. ಅದೂ ಹೋದರೆ ಬೆಳಗಾವಿಯಿಂದ ತರಬೇಕು, ಅಷ್ಟು ಹೊತ್ತಿಲ್ಲ. ನಾಳೆ ಬೆಳಿಗ್ಗೆ ಪರೀಕ್ಷಕರು ಬರುತ್ತಾರೆ. ಅವರೆದುರು ಉಣ್ಣೆ ನೂಲುವ ರಾಟಿ ಕೈಯಿಲ್ಲದೆ ತಿರುಗಬೇಕು. ಮಸಗುಪ್ಪಿಯ ಮನೆಯಿಂದ, ಅವ್ವ ದುಂಡವ್ವನನ್ನು ಒಪ್ಪಿಸಿ, ಭೀಮಶಿ ಅದನ್ನು ಬಸ್ಸಿನ ಟಾಪಿನ ಮೇಲೆ ತಂದಿದ್ದ.

ನಾಳೆ ಮುಗಿದರೆ ದೀಪಾಲಿ ಗೋಕಾಕಕ್ಕೆ, ಅವನು ಮಸಗುಪ್ಪಿಗೆ. ಒಂದೇ ಟೇಬಲ್ಲಿಗೆ ಕೂರಲು ಆಮೇಲೆ ನೆಪ ಇರುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಗೇಟಿಗೆ ರೆಸಿಸ್ಟರ್ ಹಾಕ್ರಿ ಅಂತ ಆಗಿಂದ ಬಡ್ಕೊಳ್ಳಾಕತ್ತೇನಿ," ಎಂದಳು ದೀಪಾಲಿ. ಗೇಟೆಂದರೆ ಮಾಸ್‌ಫೆಟ್ಟಿಗೆ ಬಿಡು, ಹಿಡಿ ಎಂಬ ಅಪ್ಪಣೆ ಬರುವ ಕಾಲು.

"ಗೇಟು ಕರೆಂಟೇ ತಗೊಳ್ಳಂಗಿಲ್ಲ. ಅದಕ್ಕ ಯಾಕ್ರಿ ರೆಸಿಸ್ಟರ್? ಪುಸ್ತಕದಾಗ..."

"ಪುಸ್ತಕದಾಗ ಇಷ್ಟುದ್ದ ವೈರೂ ಇರಂಗಿಲ್ಲ."

ಅದೇನೋ ನಿಜ. ಪಲ್ಸ್ ಕಳಿಸುವ ಬೋರ್ಡು ಕಿಟಕಿಯ ಬಳಿ, ಅವಳ ಮುಂದೆ. ಮಾಸ್‌ಫೆಟ್ಟು, ಮೋಟಾರು, ರಾಟಿ, ಭೀಮಶಿ ಎಲ್ಲ ಆಚೆ ತುದಿಯ ಗೋಡೆಗೆ. ನಡುವೆ ಟೇಬಲ್ಲಿನುದ್ದಕ್ಕೂ ಹಳದಿ ವೈರು.

"ಬೋರ್ಡ್ ತಂದು ನಿಮ್ಮ ಬಾಜೂ ಇಡ್ತೇನಿ."

"ಬ್ಯಾಡ. ಅಲ್ಲೇ ಇರ್ಲಿ."

"ಯಾಕ್ರಿ, ನಾ ಏನ್ ಕಡೀತೇನೇನು?"

ಅವನು ಸ್ಕ್ರೂಡ್ರೈವರಿನ ತುದಿಯನ್ನೇ ನೋಡಿದ. ಕಿವಿ ಕೆಂಪಾದವು. ದೀಪಾಲಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲೆಲ್ಲೋ ಒಂದು ಸಣ್ಣ ಮುಳ್ಳು ಮುರಿಯಿತು.

ಅವಳೇ ಎದ್ದು ಬಂದಳು. ಮೋಟಾರು ಬಿಚ್ಚಿಟ್ಟು, ಕೊನೆಯ ಮಾಸ್‌ಫೆಟ್ ಕೂಡಿಸಿ, ವೋಲ್ಟೇಜು ಇಳಿಸಿ, ಗೇಟಿಗೆ ಆಸಿಲೋಸ್ಕೋಪು ಹಚ್ಚಿದಳು. ಪರದೆಯ ಹಸಿರು ಗೆರೆ ಮೇಲೆ ಹಾರಿದಾಗೊಮ್ಮೆ ಗುರಿ ದಾಟಿ, ತರತರ ನಡುಗಿ, ಆಮೇಲೆ ನಿಲ್ಲುತ್ತಿತ್ತು.

"ನೋಡ್ರಿ. ಗೇಟು ಅಂದ್ರ ಒಂದ್ ಸಣ್ಣ ಕೊಡ. ತುಂಬಿದ ಮ್ಯಾಲ ಏನೂ ಕುಡಿಯಂಗಿಲ್ಲ, ಖರೆ. ಆದ್ರ ತುಂಬೂವಾಗ ಬೋರಿನ ಪೈಪ್ ಹಿಡದ್ರ ಏನಾಗತೈತಿ? ನೀರು ಮಾರಿಗೆ ಸಿಡೀತೈತಿ. ಆ ಸಿಡಿತಕ್ಕ ಇವು ಸಾಯಾಕತ್ತಾವ."

ಅವನು ಪರದೆಗೆ ಬಗ್ಗಿದ. ಉಸಿರು ಅವಳ ಜಡೆಗೆ ತಾಗಿತು.

"ಎಷ್ಟ್ ನಡುಗಾಕತ್ತೈತ್ರಿ."

"ಹೂಂ," ಎಂದಳು ದೀಪಾಲಿ, ಗೆರೆಯ ಕಡೆಯೇ ನೋಡುತ್ತ.

ಗೇಟಿನ ಕಾಲಿಗೆ ಒತ್ತಿ ಸಾವಿರ ಓಮಿನ ರೆಸಿಸ್ಟರ್ ಬೆಸೆದಳು. ನಡುಕ ಮಾಯ. ವೋಲ್ಟೇಜು ಏರಿಸಿ ಮೋಟಾರು ಹಚ್ಚಿದರು. ರಾಟಿ ತಿರುಗಿತು. ಭೀಮಶಿ ಮಾಸ್‌ಫೆಟ್ ಮುಟ್ಟಿದವನೇ ಬೆರಳು ಬಾಯಿಗಿಟ್ಟುಕೊಂಡು ಸ್ವಿಚ್ ಆರಿಸಿದ.

"ಒಲಿ ಆಗೇತ್ರಿ ಇದು."

"ಭಾಳ ತಡದ್ನಿ ಕಾಣತೈತಿ. ಪೂರಾ ತೆರಿಯಾಕ ತಡಾ ಮಾಡಿ, ಅರ್ಧಕ್ಕ ನಿಂತು ಕಾಯಾಕತ್ತೈತಿ."

"ಹಂಗಾರ ನಿಮ್ದೂ ತಪ್ಪಾತು."

"ಆತು. ಅದಕ್ಯಾಕ ಇಷ್ಟ ಖುಷಿ?"

ಇಪ್ಪತ್ತೆರಡು ಓಮಿನದು ಹಾಕಿದಳು. ಗೆರೆ ನೆಟ್ಟಗೆ ನಿಂತಿತು, ಮಾಸ್‌ಫೆಟ್ ಬೆಚ್ಚಗಷ್ಟೇ ಆಯಿತು. ಭೀಮಶಿ ಉಣ್ಣೆಯ ಎಳೆ ಕೊಟ್ಟ. ಅದು ಹುರಿಗೊಳ್ಳುತ್ತ, ಕರಿ ನೂಲಾಗಿ ಓಡಿತು. ಇಬ್ಬರೂ ಸುಮ್ಮನೆ ನಗುತ್ತ ನಿಂತರು.

"ಈಗಾರ ಹೇಳ್ರಿ. ಬೋರ್ಡ್ ಈ ಕಡಿ ಯಾಕ ಬ್ಯಾಡಾಗಿತ್ತು?"

ಅವನು ನೂಲಿಗೆ ಹೇಳಿದ: "ಇಲ್ಲಿ ಕುಂತ್ರ ಹೊತ್ತು ಕಾಣಂಗಿಲ್ಲ. ಮೊದಲನೇ ದಿನ ನೀವು ಇಲ್ಲೇ ಕುಂತಿದ್ರಿ. ಹೊತ್ತು ಮುಳುಗಿದ್ದು ಗೊತ್ತಾಗಲಿಲ್ಲ, ಹಂಗ ಉಪಾಸ ಮಲ್ಕೊಂಡ್ರಿ."

ಸೂರ್ಯ ಮುಳುಗಿದ ಮೇಲೆ ದೀಪಾಲಿಯ ಜೈನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಆ ದಿನವನ್ನು ಅವಳೇ ಮರೆತಿದ್ದಳು. ಹಳದಿ ವೈರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅಷ್ಟು ಮಾಸ್‌ಫೆಟ್ ಸತ್ತದ್ದು ಇದಕ್ಕೆ.

ಕಿಟಕಿಯಾಚೆ ಸೂರ್ಯ ಗುಡ್ಡದ ನೆತ್ತಿಗೆ ಇಳಿದಿದ್ದ. ಭೀಮಶಿ ಚೀಲದಿಂದ ಡಬ್ಬಿ ತೆಗೆದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

"ಬಳ್ಳೊಳ್ಳಿ ಹಾಕಿಲ್ಲ. ಅವ್ವ ನಿಮಗಂತ ಬ್ಯಾರೇ ಕುಟ್ಯಾಳ."

"ನಾ ಬಳ್ಳೊಳ್ಳಿ ತಿನ್ನಂಗಿಲ್ಲಂತ ನಿಮ್ಮವ್ವಗ ಯಾರು ಹೇಳಿದ್ರು?"

"ನಾ. ಹೊತ್ತು ಮುಳುಗೂದೂ ಹೇಳೀನಿ."

"ಅದಕ್ಕ ಏನಂದ್ರು?"

ಅವನು ರಾಟಿ ನಿಲ್ಲಿಸಿದ. "'ಹಂಗಾರ ಇನ್ನ ನಮ್ಮ ಮನ್ಯಾಗ ಒಲಿ ಜಲ್ದಿ ಹಚ್ಚಬೇಕಾಗತೈತಲ್ಲೋ' ಅಂದ್ಲು."

ದೀಪಾಲಿ ರೊಟ್ಟಿ ಮುರಿದಳು, ಅರ್ಧ ಅವನ ಕೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆಯುವುದು ತುಸು ತಡವಾಯಿತು.

"ನಮ್ಮ ಅಪ್ಪಾಜಿ ಕೂಡ ನಾ ಮಾತಾಡ್ತೇನಿ. ನೀವು ಅವ್ವಗ ಒಂದ್ ಮಾತ ಹೇಳ್ರಿ."

"ಏನಂತ?"

"ಥಂಡಿ ದಿನದಾಗ ಹೊತ್ತು ಲಗೂನ ಮುಳುಗತೈತಿ, ಒಲಿ ಇನ್ನೂ ಜಲ್ದಿ ಹಚ್ಚಬೇಕಾಗತೈತಿ ಅಂತ."