ನರಿಕೊಂಬಿನಲ್ಲಿ ಮಡಚಿಟ್ಟ ಬಟ್ಟೆ

1997ನೇ ಇಸವಿ ನವೆಂಬರ್ ಮೂರರ ಬೆಳಿಗ್ಗೆ ಸಿದ್ಧಕಟ್ಟೆಯ ಹವಾಲ್ದಾರ್ ನೋಣಯ್ಯ ಬಂಟ್ವಾಳದ ಠಾಣೆಗೆ ದೂರು ತಂದ. ರಜೆಯಲ್ಲಿ ಊರಿಗೆ ಬಂದ ಸೈನಿಕ. ತಾನು ಗಡಿಯಲ್ಲಿದ್ದಾಗ ಜೀಪು ಓಡಿಸುವ ದೇಜಪ್ಪ ತನ್ನ ಹೆಂಡತಿ ವಾರಿಜಳೊಡನೆ ಸಂಬಂಧ ಬೆಳೆಸಿದ್ದಾನೆ, ಅವಳೇ ಒಪ್ಪಿಕೊಂಡಿದ್ದಾಳೆ, ಅವನನ್ನು ಹಿಡಿದು ತರಬೇಕು ಎಂದ. ಮಾತಾಡುತ್ತಲೇ ಹೆಗಲ ಮೇಲಿನ ಬೈರಾಸು ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಚೌಕವಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡ.

ಇನ್‌ಸ್ಪೆಕ್ಟರ್ ಚನಿಯಪ್ಪನವರು ಕಾನೂನು ತಿಳಿಸಿದರು. ವ್ಯಭಿಚಾರದ ಕಲಂ 497ಕ್ಕೆ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ. ಗಂಡನಾದವನು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೆಂಗಸಿಗಂತೂ ಶಿಕ್ಷೆಯೇ ಇಲ್ಲ.

"ಕೋರ್ಟಿಗೆ ಎಷ್ಟು ಸಮಯ ಬೇಕು ಸಾರ್?"

"ಎರಡು ವರ್ಷ, ಮೂರು ವರ್ಷ. ಹೇಳಲಿಕ್ಕಾಗುವುದಿಲ್ಲ."

"ನನಗೆ ರಜೆ ಹತ್ತು ದಿನ ಉಂಟು." ನೋಣಯ್ಯ ತೊಡೆಯ ಮೇಲಿನ ಬೈರಾಸಿನ ಅಂಚು ಸರಿಮಾಡಿದ. "ನಮ್ಮ ಪಲ್ಟನ್ನಿನಲ್ಲಿ ಒಬ್ಬ ಹೀಗೆಯೇ ಜೊತೆಗಾರನ ಮನೆ ಹಾಳು ಮಾಡಿದ. ಕೋರ್ಟ್ ಮಾರ್ಷಲ್ ಆಯಿತು. ಎಲ್ಲರ ಎದುರು ಬೆಲ್ಟ್ ಬಿಚ್ಚಿಸಿ, ಮಾನ ತೆಗೆದು ಕೆಲಸದಿಂದ ಕಳಿಸಿದರು. ಇಲ್ಲಿ ಬಿಚ್ಚಿಸುವವರು ಯಾರು ಸಾರ್?"

ವಕೀಲರನ್ನು ಕಾಣಿ ಎಂದರು ಚನಿಯಪ್ಪನವರು. ಅವನು ಸೆಲ್ಯೂಟ್ ಹೊಡೆದು ಹೊರಟ. ಆ ಸಮಾಧಾನ ಅವರಿಗೆ ಸರಿ ಕಾಣಲಿಲ್ಲ. ಆದರೂ ಕರೆದು ಕೂರಿಸಲಿಲ್ಲ.

ಎಂಟರಂದು ನರಿಕೊಂಬಿನ ಹೊಳೆಯಲ್ಲಿ ದೇಜಪ್ಪನ ಹೆಣ ತೇಲಿತು. ಮೀಯಲು ಇಳಿದವನು ಸುಳಿಗೆ ಸಿಕ್ಕಿರಬೇಕು, ಬಟ್ಟೆ ಬಂಡೆಯ ಮೇಲೇ ಉಂಟು ಎಂದು ಕಾನ್‌ಸ್ಟೇಬಲ್ ಅಬೂಬಕ್ಕರ್ ವರದಿ ಕೊಟ್ಟ. ಅಸಹಜ ಮರಣವೆಂದು ದಾಖಲಿಸಿ ಪಂಚನಾಮೆಗೆ ಕುಳಿತರು. ಬಟ್ಟೆ ಎತ್ತಲು ಹೋದ ಚನಿಯಪ್ಪನವರ ಕೈ ನಿಂತಿತು. ಪ್ಯಾಂಟಿನ ಮೇಲೆ ಅಂಗಿ, ಅಂಗಿಯ ಮೇಲೆ ಬೈರಾಸು, ಅಂಚಿಗೆ ಅಂಚು. ಪಕ್ಕದಲ್ಲಿ ಚಪ್ಪಲಿ, ಗೆರೆ ಎಳೆದಂತೆ. ಬೆಲ್ಟ್ ಇರಲಿಲ್ಲ.

"ಇವು ಮಗನದ್ದೇ ಅಮ್ಮ?" ಎಂದು ದೇಜಪ್ಪನ ತಾಯಿ ಸೇಸಮ್ಮನನ್ನು ಕೇಳಿದರು.

"ಅವನದ್ದೇ. ಮಡಚಿದ್ದು ಅವನಲ್ಲ. ಹುಟ್ಟಿದಂದಿನಿಂದ ಒಂದು ಬೈರಾಸು ಮಡಚಿದವನಲ್ಲ ನನ್ನ ಮಗ. ಬಿಸಾಡುವುದು ಅವನು, ಹೆಕ್ಕುವುದು ನಾನು."

ಮುದುಕಿ ಅಂಗಿಯನ್ನು ಬಿಡಿಸಿ ಮುಖಕ್ಕೆ ಒತ್ತಿಕೊಂಡಳು. ತಡೆಯಹೋದ ಅಬೂಬಕ್ಕರನಿಗೆ ಚನಿಯಪ್ಪನವರು ಬೇಡವೆಂದು ಸನ್ನೆ ಮಾಡಿದರು.

ಮರಣೋತ್ತರ ವರದಿ ಬಂತು. ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನೀರಿಲ್ಲ. ಕುತ್ತಿಗೆಯ ಸುತ್ತ ಅಗಲ ಪಟ್ಟಿಯ ಗುರುತು. ಪ್ರಕರಣ ಕೊಲೆಯ ಕಲಂ 302ಕ್ಕೆ ಬದಲಾಯಿತು.

ಹತ್ತರ ಸಂಜೆ ಸಿದ್ಧಕಟ್ಟೆಗೆ ಹೋದಾಗ ನೋಣಯ್ಯ ಸಮವಸ್ತ್ರದಲ್ಲಿದ್ದ. ರಜೆ ಮುಗಿಯಲು ಮೂರು ದಿನವಿದ್ದರೂ ಟ್ರಂಕು ಹೊರಟು ನಿಂತಿತ್ತು. ಬಾಗಿಲ ಹಿಂದೆ ವಾರಿಜ ಗೋಡೆಗೊರಗಿ ನೆಲ ನೋಡುತ್ತಿದ್ದಳು. ಟ್ರಂಕು ತೆರೆಸಿದರು. ಚೌಕವಾಗಿ ಮಡಚಿದ ಬಟ್ಟೆಗಳ ನಡುವೆ ಸುರುಳಿ ಸುತ್ತಿಟ್ಟ ಒಂದು ಕಂದು ಬೆಲ್ಟ್. ಸೈನ್ಯದ್ದಲ್ಲ.

"ಕೊಲ್ಲಲಿಕ್ಕೆ ಹೋಗಿರಲಿಲ್ಲ ಸಾರ್," ಎಂದ ನೋಣಯ್ಯ. "ನನ್ನೆದುರು ಒಮ್ಮೆ ಬೆಲ್ಟ್ ಬಿಚ್ಚು ಎಂದೆ. ಅಷ್ಟು ಸಾಕಿತ್ತು. ಅವನು ನಕ್ಕ. ನಿನ್ನ ಪಲ್ಟನ್ ಇಲ್ಲಿಲ್ಲ ಮಾರಾಯ ಎಂದ. ಆಮೇಲೆ ನಾನೇ ಬಿಚ್ಚಿದೆ."

"ಮುಳುಗಿ ಸತ್ತಂತೆ ಕಾಣಲಿ ಎಂದು ಬಟ್ಟೆ ಕಳಚಿದಿರಿ, ಸರಿ. ಮಡಚಿದ್ದು ಯಾಕೆ?"

ಅವನು ಗೊತ್ತಾಗದವನಂತೆ ನೋಡಿದ. ಮಡಚಿದ್ದೇ ಅವನಿಗೆ ನೆನಪಿರಲಿಲ್ಲ.

ಬಂಧನದ ಸುದ್ದಿಯನ್ನು ಪಲ್ಟನ್ನಿಗೆ ತಿಳಿಸಬೇಕಾಗುತ್ತದೆ ಎಂದರು ಚನಿಯಪ್ಪನವರು. ನೋಣಯ್ಯ ತಲೆಯಾಡಿಸಿದ. ನೆಟ್ಟಗೆ ನಿಂತು ತನ್ನ ಸೊಂಟದ ಬೆಲ್ಟ್ ಬಿಚ್ಚಿ, ಸುರುಳಿ ಸುತ್ತಿ, ದೇಜಪ್ಪನ ಬೆಲ್ಟಿನ ಪಕ್ಕದಲ್ಲಿಟ್ಟ.