ಹಸನಾದ ಪ್ರತಿ

ಸುಳ್ಳು ಹೇಳುವವರು ಇಷ್ಟು ಬೇಜಾರಿನ ಸುಳ್ಳನ್ನು ಯಾಕೆ ಆರಿಸಿಕೊಳ್ಳುತ್ತಾರೆ? ಅಥವಾ ಇದು ಸುಳ್ಳೇ ಅಲ್ಲವೋ? ಎದುರು ಕೂತಿದ್ದ ಸಂಶೋಧಕಿಯನ್ನು ನೋಡುತ್ತ ಇನ್ಸ್‌ಪೆಕ್ಟರ್ ಇದನ್ನೇ ತೂಗುತ್ತಿದ್ದ. ಸರ ಹೋಯಿತು, ಬೈಕು ಹೋಯಿತು ಎಂದು ಠಾಣೆಗೆ ಬರುವವರ ಮುಖ ಅವನಿಗೆ ಗೊತ್ತು. ತಮ್ಮ ಪಿಡಿಎಫ್‌ಗಳ ವಿವರವನ್ನು ಯಾರೋ ಬದಲಾಯಿಸಿದ್ದಾರೆ ಎಂದು ದೂರು ತಂದವರ ಮುಖ ಹೇಗಿರಬೇಕು ಎಂಬುದು ಗೊತ್ತಿರಲಿಲ್ಲ.

“ಏನೂ ಕಳುವಾಗಿಲ್ಲ ಅಂತೀರಿ.”

“ಇಲ್ಲ ಸರ್. ಎಲ್ಲಾ ಅಲ್ಲೇ ಇದೆ. ಒಂದರ ಮೇಲೆ ಇನ್ನೊಂದರ ಹೆಸರಿದೆ.”

“ಕಳುವಾಗಿದ್ರೆ ವಾಸಿಯಿತ್ತು,” ಪಕ್ಕದಲ್ಲಿದ್ದ ಅವಳ ತಾಯಿ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಕಳ್ಳ ಅಂತ ಒಬ್ಬನಾದ್ರೂ ಇರ್ತಿದ್ದ. ಈಗ ನನ್ನ ಮಗಳನ್ನೇ ಕಳ್ಳಿ ಅಂತಿದಾರೆ.”

ವಿಷಯ ಇಷ್ಟು. ಕಬ್ಬಿಣದ ಸೇತುವೆಗಳಿಗೆ ತುಕ್ಕು ಹಿಡಿಯುವ ಬಗೆಯ ಮೇಲೆ ಹುಡುಗಿ ನಾಲ್ಕು ವರ್ಷ ದುಡಿದು ಪ್ರಬಂಧ ಬರೆದಿದ್ದಳು. ಓದಿದ ಲೇಖನಗಳ ಪಿಡಿಎಫ್‌ಗಳೆಲ್ಲ ಉಲ್ಲೇಖಗಳನ್ನು ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್‌ನಲ್ಲಿದ್ದವು. ಒಂದೊಂದು ಲೇಖನಕ್ಕೂ ಅಲ್ಲೊಂದು ಸಾಲು: ಬರೆದವರು, ವರ್ಷ, ಪುಟ. ಬರೆಯುವಾಗ ಆ ಸಾಲನ್ನು ಒತ್ತಿದರೆ ಉಲ್ಲೇಖ ತಾನಾಗಿಯೇ ಪ್ರಬಂಧದೊಳಗೆ ಬಂದು ಕೂರುತ್ತದೆ. ಅಲ್ಲಿ ಬದಲಾದರೆ ಇಲ್ಲಿಯೂ ಬದಲಾಗುತ್ತದೆ. ಮುದ್ರಣಕ್ಕೆ ಕಳಿಸುವ ದಿನ ಅವಳು ಎಲ್ಲ ಉಲ್ಲೇಖಗಳನ್ನೂ ಒಟ್ಟಿಗೆ ಹೊಸದು ಮಾಡುವ ಗುಂಡಿ ಒತ್ತಿದ್ದಳು, ಮತ್ತೊಮ್ಮೆ ಓದಿರಲಿಲ್ಲ. ಪರೀಕ್ಷಕರಾಗಿದ್ದ ಹೊರಗಿನ ಪ್ರಾಧ್ಯಾಪಕರು ಓದುತ್ತ ಹೋದರೆ ಅವರದೇ ಲೇಖನಕ್ಕೆ ಬೇರೆಯವರ ಹೆಸರು. ಕೆದಕಿದಷ್ಟೂ ಸಿಕ್ಕಿತು. ಸುಳ್ಳು ಉಲ್ಲೇಖಗಳನ್ನು ಕಟ್ಟಿ ಬರೆದಿದ್ದಾಳೆ ಎಂದು ಅವರು ವರದಿ ಕೊಟ್ಟರು. ಗುರುವಾರ ಸಮಿತಿ ಸೇರುತ್ತದೆ. ಅಷ್ಟರೊಳಗೆ ಇದು ಬೇರೆಯವರ ಕೈಚಳಕ ಎಂದು ತೋರಿಸದಿದ್ದರೆ ಅವಳ ನೋಂದಣಿ ರದ್ದು. ಅಂದು ಸೋಮವಾರ.

“ಸರ್, ಎಫ್‌ಐಆರ್‌ನಲ್ಲಿ ಹೋದ ಮಾಲು ಅಂತ ಏನು ಬರೀಲಿ?” ಹೆಡ್ ಕಾನ್ಸ್‌ಟೇಬಲ್ ಕೇಳಿದ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಉಳಿದಿತ್ತು. “ತುಕ್ಕು ಅಂತ ಬರೀಲಾ?”

“ಅನುಮತಿ ಇಲ್ದೆ ಬೇರೆಯವರ ಮಾಹಿತಿ ತಿದ್ದಿದ್ರೆ ಸಾಕು ಸರ್, ಸೆಕ್ಷನ್ ಇದೆ,” ಎಂದಳು ಪಕ್ಕದ ಮೇಜಿನ ಎಸ್‌ಐ. ಕಾನೂನು ಪುಸ್ತಕದ ಆ ಪುಟ ಆಗಲೇ ತೆರೆದಿಟ್ಟುಕೊಂಡಿದ್ದಳು.

ಇನ್ಸ್‌ಪೆಕ್ಟರ್ ಆ ಪುಟದತ್ತ ಕಣ್ಣು ಹಾಯಿಸಿದ. ಎರಡು ವರ್ಷದ ಹಿಂದೆ ಇವಳು ಈ ಠಾಣೆಗೆ ಬಂದಾಗ ಪಂಚನಾಮೆ ಬರೆಯಲು ಕಲಿಸಿದ್ದೇ ತಾನು. ಆಗ ಪ್ರತಿ ಸಾಲಿಗೂ ಕೇಳುತ್ತಿದ್ದಳು. ಈಚೆಗೆ ಮೇಲಧಿಕಾರಿ ಫೋನ್ ಮಾಡಿದರೆ, “ಅವಳಿಗೆ ಕೊಡ್ರಿ” ಎನ್ನುತ್ತಾರೆ.

ಮಧ್ಯಾಹ್ನ 12.15ಕ್ಕೆ ಎಫ್‌ಐಆರ್ ದಾಖಲಾಯಿತು.

ಲ್ಯಾಬ್ ಉದ್ದನೆಯ ಕೋಣೆ. ಕಪಾಟಿನ ತುಂಬ ಗಾಜಿನ ಜಾಡಿಗಳು, ಉಪ್ಪುನೀರಿನಲ್ಲಿ ಮುಳುಗಿದ ಕಬ್ಬಿಣದ ತುಂಡುಗಳು, ಕೆಲವು ಕೆಂಪಗೆ, ಕೆಲವು ಇನ್ನೂ ಹೊಳೆಯುತ್ತ. ಮೂಲೆಯ ಕಂಪ್ಯೂಟರ್‌ನಲ್ಲಿ ಹುಡುಗಿಯ ಖಾತೆ ಯಾವಾಗಲೂ ತೆರೆದೇ ಇರುತ್ತಿತ್ತು ಎಂಬುದನ್ನು ಎಲ್ಲರೂ ಒಪ್ಪಿದರು. ಆ ಕೋಣೆಯ ಬೀಗದ ಕೈ ಇದ್ದದ್ದು ಅವಳನ್ನು ಬಿಟ್ಟು ನಾಲ್ವರ ಬಳಿ: ಮಾರ್ಗದರ್ಶಕರು, ಜೊತೆಯ ಇಬ್ಬರು ಸಂಶೋಧಕರು, ಮತ್ತು ಎಲ್ಲರೂ ದೊಡ್ಡಣ್ಣ ಎಂದು ಕರೆಯುವ ಹಿರಿಯ ಸಂಶೋಧಕ. ಅವನು ಒಂಬತ್ತು ವರ್ಷದಿಂದ ಅಲ್ಲೇ ಇದ್ದ. ಪೊಲೀಸರಿಗೆ ಕುರ್ಚಿ ತಂದುಕೊಟ್ಟವನೂ ಅವನೇ.

“ಅವಳಿಗೆ ಯಾರ ಮೇಲಾದ್ರೂ ಅನುಮಾನ?” ಇನ್ಸ್‌ಪೆಕ್ಟರ್ ಅವನನ್ನು ಕೇಳಿದ.

“ಯಾರ ಮೇಲೆ ಪಡ್ತಾಳೆ ಸರ್, ಪಾಪ. ಇದನ್ನೆಲ್ಲ ಅವಳಿಗೆ ಕಲಿಸಿದ್ದೇ ನಾನು. ಬಂದ ಹೊಸತರಲ್ಲಿ ಫೈಲ್‌ಗಳಿಗೆ ‘ಹೊಸದು’, ‘ಇನ್ನೂ ಹೊಸದು’, ‘ನಿಜವಾಗ್ಲೂ ಕೊನೇದು’ ಅಂತ ಹೆಸರಿಡ್ತಿದ್ಲು.”

ಇನ್ಸ್‌ಪೆಕ್ಟರ್ ನಕ್ಕ. ಅವನ ಠಾಣೆಯ ಕಂಪ್ಯೂಟರ್‌ನಲ್ಲೂ ಅಂಥವು ಬೇಕಾದಷ್ಟಿದ್ದವು.

“ಅವಳ ಪ್ರಬಂಧ ಓದಿದೀರಾ?”

“ಕೊಟ್ಟಿದ್ಲು. ಪುರುಸೊತ್ತಾಗ್ಲಿಲ್ಲ.”

ಮಿಕ್ಕ ಮೂವರೂ ಗೊತ್ತಿಲ್ಲ ಎಂದರು. ಕಂಪ್ಯೂಟರನ್ನು ಪಂಚರ ಮುಂದೆ ವಶಕ್ಕೆ ತೆಗೆದುಕೊಂಡು ವಾಪಸಾಗುವಾಗ ಜೀಪಿನಲ್ಲಿ ಮೀಸೆ, “ಹುಡುಗೀನೇ ಅವಸರದಲ್ಲಿ ಎಡವಟ್ಟು ಮಾಡ್ಕೊಂಡು ಈಗ ನಮ್ಮ ತಲೆಗೆ ಕಟ್ತಿದಾಳೆ” ಎಂದ.

ಮಂಗಳವಾರ ಮಧ್ಯಾಹ್ನ ಎಸ್‌ಐ ಅವನ ಕೋಣೆಗೆ ಬಂದಳು. ಹುಡುಗಿಯ ಹಳೇ ಲ್ಯಾಪ್‌ಟಾಪಿನಲ್ಲಿ ಎರಡು ತಿಂಗಳ ಹಿಂದಿನ ಸಂಗ್ರಹ ಹಾಗೇ ಉಳಿದಿತ್ತು. ಅದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ಬೆಳಗಿನಿಂದ ನೋಡಿದ್ದಳು.

“ಹೆಸರು, ವರ್ಷ, ಪುಟ ಅದಲುಬದಲಾಗಿವೆ ಸರ್. ಅದು ನಮಗೆ ಗೊತ್ತಿದ್ದದ್ದೇ. ಆದ್ರೆ ಇನ್ನೊಂದಿದೆ. ಒಂದೇ ಲೇಖನ ಎರಡೆರಡು ಸಲ ಸೇರಿದ್ದ ಕಡೆ ಒಂದನ್ನ ತೆಗೆದಿದಾರೆ. ತುಂಬ ಹಳೇ ಲೇಖನ ಒಂದಿದೆ, ಅವಳ ಹತ್ರ ಇದ್ದದ್ದು ಕಪ್ಪು ಮೆತ್ತಿದ ಸ್ಕ್ಯಾನು, ಅರ್ಧ ಓದೋಕೇ ಆಗಲ್ಲ. ಈಗ ನೋಡಿದ್ರೆ ಅದರ ಜಾಗದಲ್ಲಿ ಹಸನಾದ ಪ್ರತಿ ಕೂತಿದೆ. ತಾನು ಹಾಕಿಲ್ಲ ಅಂತಾಳೆ.”

“ಅಂದ್ರೆ?”

“ಮನೆ ಹಾಳು ಮಾಡೋಕೆ ಬಂದವರು ಕಸ ಗುಡಿಸಿ ಹೋಗಿದಾರೆ ಸರ್.”

ಇನ್ಸ್‌ಪೆಕ್ಟರ್ ಪರದೆಯತ್ತ ಬಾಗಿದ. ತನಗೆ ಇದು ಹೊಳೆಯಬೇಕಿತ್ತು. ಅವನು ನೋಡಿದ್ದು ಕೆಟ್ಟದ್ದನ್ನು ಮಾತ್ರ. ಸರಿಯಾದದ್ದನ್ನು ನೋಡಬೇಕೆಂದು ತೋಚಿರಲಿಲ್ಲ.

“ನಾಳೆ ನಾಲ್ವರನ್ನೂ ಒಬ್ಬೊಬ್ಬರಾಗಿ ಕರೆಸಿ ಆ ಲೇಖನ ಕೊಡಿ ಅಂತ ಕೇಳೋಣ,” ಎಸ್‌ಐ ಹೇಳಿದಳು. “ಹಸನಾದದ್ದು ಯಾರ ಹತ್ರ ಇದೆಯೋ ನೋಡೋಣ.”

“ಬೇಡ. ತಜ್ಞರಿಗೆ ಕಳ್ಸಿ. ನಿಯಮದ ಪ್ರಕಾರ ಹೋಗ್ಲಿ.”

“ವರದಿ ಬರೋಕೆ ಮೂರು ವಾರ ಆಗುತ್ತೆ ಸರ್. ನಾಡಿದ್ದು ಸಮಿತಿ.”

“ನಿಯಮ ನಿಯಮಾನೇ.”

ಅವಳು ಹೊರಗೆ ಹೋದಳು. ಹಾಗೆ ಕೇಳಬಾರದೆಂಬ ನಿಯಮ ಎಲ್ಲೂ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಉಪಾಯ ತನಗೆ ಮೊದಲು ಹೊಳೆದಿದ್ದರೆ ಈಗಾಗಲೇ ಜೀಪು ಹೊರಟಿರುತ್ತಿತ್ತು. ಇದನ್ನು ಅವನು ತನ್ನೊಳಗೇ ಒಮ್ಮೆ ಸ್ಪಷ್ಟವಾಗಿ ಹೇಳಿಕೊಂಡ. ಹೇಳಿಕೊಂಡ ಮೇಲೂ ಉರಿ ಕಡಿಮೆಯಾಗಲಿಲ್ಲ.

ನೀರು ಕುಡಿಯಲು ಎದ್ದವನಿಗೆ ಹೊರಗಿನ ಬೆಂಚಿನಲ್ಲಿ ತಾಯಿ ಮಗಳು ಕಂಡರು. ಹುಡುಗಿ ಪ್ರಬಂಧವನ್ನು ತೊಡೆಯ ಮೇಲೆ ಹರಡಿಕೊಂಡು ಉಲ್ಲೇಖಗಳನ್ನು ಕೈಯಿಂದ ತಿದ್ದುತ್ತಿದ್ದಳು. ತಾಯಿ ಒಂದೊಂದೇ ಹಾಳೆ ಎತ್ತಿಕೊಡುತ್ತಿದ್ದಳು.

“ತಿದ್ದಿ ಏನ್ಮಾಡ್ತೀರಿ? ಸಮಿತಿ ಒಪ್ಪುತ್ತಾ?”

“ಒಪ್ಪಲ್ಲ ಸರ್. ಸುಮ್ನೆ ಕೂರೋಕಾಗಲ್ಲ, ಅದಕ್ಕೆ.”

ಅವನು ಎಸ್‌ಐ ಮೇಜಿನ ಬಳಿ ಹೋಗಿ ನಿಂತ. “ನಾಳೆ ಕರೆಸಿ. ನಾನೂ ಇರ್ತೀನಿ.”

ಬುಧವಾರ ಬೆಳಗ್ಗೆ ಮಾರ್ಗದರ್ಶಕರು ತಂದದ್ದು ಕಪ್ಪು ಸ್ಕ್ಯಾನು. ಇಬ್ಬರು ಸಂಶೋಧಕರದೂ ಅದೇ. “ಇದು ಎಲ್ಲರ ಹತ್ರಾನೂ ಹೀಗೇ ಇರೋದು ಸರ್, ಸುಟ್ಟ ರೊಟ್ಟಿ ಥರ,” ಎಂದ ಒಬ್ಬ. ಕೊನೆಗೆ ದೊಡ್ಡಣ್ಣ ಬಂದ. ಲ್ಯಾಪ್‌ಟಾಪ್ ತೆರೆದ. ಬಣ್ಣಬಣ್ಣದ ಗುರುತುಗಳು, ವಿಷಯವಾರು ವಿಂಗಡಣೆ, ಒಂದೂ ಅಡ್ಡಾದಿಡ್ಡಿಯಾಗಿರಲಿಲ್ಲ. ಒಂಬತ್ತು ವರ್ಷದ ಓದನ್ನು ಗಂಧದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಂತಿತ್ತು.

“ಎಷ್ಟು ನೀಟಾಗಿದೆ,” ಎಂದಳು ಎಸ್‌ಐ. ಅದರಲ್ಲಿ ನಾಟಕವಿರಲಿಲ್ಲ.

ದೊಡ್ಡಣ್ಣನ ಮುಖ ಅರಳಿತು. ಲೇಖನ ತೆರೆದು ಪರದೆಯನ್ನು ಅವಳತ್ತ ತಿರುಗಿಸಿದ. ಬಿಳಿಯ ಹಾಳೆ, ಈಗಷ್ಟೇ ಅಚ್ಚಾದಷ್ಟು ಸ್ಪಷ್ಟವಾದ ಅಕ್ಷರ.

“ಉಳಿದವರದು ಕಪ್ಪಾಗಿದೆಯಲ್ಲ?”

“ಅವರಿಗೆಲ್ಲಿ ತಾಳ್ಮೆ ಮೇಡಂ. ನಾನು ಮೂಲ ಸಂಪುಟ ಹುಡುಕ್ಕೊಂಡು ಪರ ಊರಿಗೆ ಹೋಗಿ ಸ್ಕ್ಯಾನ್ ಮಾಡಿದ್ದು ಇದು.”

“ಬೇರೆ ಯಾರಿಗಾದ್ರೂ ಕೊಟ್ಟಿದೀರಾ?”

“ಯಾರಿಗೂ ಇಲ್ಲ.”

“ಒಬ್ಬರಿಗೂ?”

“ಒಬ್ಬರಿಗೂ ಇಲ್ಲ. ಇದು...” ಎಂದವನು ಅಲ್ಲಿಗೇ ನಿಂತ.

ಎಸ್‌ಐ ಹುಡುಗಿಯ ಸಂಗ್ರಹದಲ್ಲಿದ್ದ ಪ್ರತಿಯನ್ನು ಪಕ್ಕದ ಪರದೆಯಲ್ಲಿ ತೆರೆದಳು. ಅದೇ ಪುಟ, ಅದೇ ಅಂಚು, ಪುಸ್ತಕವನ್ನು ಒತ್ತಿ ಹಿಡಿದ ಹೆಬ್ಬೆರಳಿನ ಅದೇ ತುದಿ. ದೊಡ್ಡಣ್ಣ ತನ್ನ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ.

ಮಧ್ಯಾಹ್ನ 1.40ಕ್ಕೆ ಬಂಧನವಾಯಿತು. ಲ್ಯಾಪ್‌ಟಾಪನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡರು. ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಾನೇ ತೆಗೆದುಕೊಂಡ.

“ಯಾಕೆ ಮಾಡಿದ್ರಿ?”

“ಮೊದಲೆರಡು ವರ್ಷ ಎಲ್ಲದಕ್ಕೂ ‘ಅಣ್ಣ, ಅಣ್ಣ’ ಅಂತ ಬರ್ತಿದ್ಲು. ಆಮೇಲೆ ಬರೋದು ನಿಲ್ಲಿಸಿದ್ಲು. ಜಗಳ ಏನೂ ಇಲ್ಲ. ಅವಳಿಗೆ ಕೇಳೋ ಅಗತ್ಯ ಬೀಳ್ಲಿಲ್ಲ, ಅಷ್ಟೇ. ನನಗಿಂತ ಮುಂಚೆ ಮುಗಿಸಿದ್ಲು.” ತಲೆಯೆತ್ತಿ, “ನಿಮಗೆ ಅರ್ಥ ಆಗಲ್ಲ ಸರ್” ಎಂದ.

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

“ಕೆಡಿಸೋಕೆ ಕೂತವರು ಒಳ್ಳೇ ಪ್ರತಿ ಯಾಕೆ ಹಾಕಿದ್ರಿ?”

“ಆ ಕಪ್ಪು ಸ್ಕ್ಯಾನು ಕಣ್ಣಿಗೆ ಬಿದ್ರೆ ಸಹಿಸೋಕಾಗಲ್ಲ. ಹಾಕಿದ್ಮೇಲೇ ನೆನಪಾಯ್ತು, ನಾನು ಯಾಕೆ ಕೂತಿದೀನಿ ಅಂತ.”

“ಪ್ರಬಂಧ ಓದಿಲ್ಲ ಅಂದಿದ್ರಿ.”

“ಎರಡು ಸಲ ಓದಿದೀನಿ.”

“ಹೇಗಿತ್ತು?”

ದೊಡ್ಡಣ್ಣ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ.

ಗುರುವಾರ ಬಂಧನದ ವರದಿಯ ಪ್ರತಿ ಸಮಿತಿಯ ಮುಂದೆ ಹೋಯಿತು. ಪರೀಕ್ಷಕರು ತಮ್ಮ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡರು. ಉಲ್ಲೇಖಗಳನ್ನು ತಿದ್ದಿ ಮತ್ತೆ ಸಲ್ಲಿಸಲು ಹುಡುಗಿಗೆ ಅವಕಾಶ ಸಿಕ್ಕಿತು. ಸಂಜೆ ತಾಯಿಯನ್ನು ಕರೆದುಕೊಂಡು ಠಾಣೆಗೆ ಬಂದಳು. ತಾಯಿ ಕೈಮುಗಿದಳು. ಹುಡುಗಿಯ ಮುಖದಲ್ಲಿ ಗೆಲುವೇನೂ ಇರಲಿಲ್ಲ.

“ಸರ್, ಅಣ್ಣ ನನ್ನ ಪ್ರಬಂಧ ಓದಿದ್ನಂತಾ?”

“ಎರಡು ಸಲ.”

“ಏನಂದ?”

“ಏನೂ ಅನ್ಲಿಲ್ಲಮ್ಮ.”

ಅವಳು ತಲೆಯಾಡಿಸಿದಳು. ಇನ್ನೊಂದು ಮಾತು ಬರಬಹುದೆಂದು ನಿಂತಿದ್ದು, ಬರಲಿಲ್ಲವೆಂದು ಹೊರಟಳು.

ಅವರು ಹೋದ ಮೇಲೆ ಎಸ್‌ಐ ಮೇಲಧಿಕಾರಿಗೆ ಕಳಿಸಬೇಕಾದ ಪೂರ್ಣ ವರದಿಯನ್ನು ತಂದಿಟ್ಟಳು. ಇನ್ಸ್‌ಪೆಕ್ಟರ್ ನಿಧಾನವಾಗಿ ಓದಿದ. ತಪ್ಪು ಸಿಗಲಿ ಎಂದು ಓದಿದ. ಎಲ್ಲೂ ಸಿಗಲಿಲ್ಲ. ಉಪಾಯ ಯಾರದೆಂದು ಅದರಲ್ಲಿ ಬರೆದಿರಲಿಲ್ಲ. ‘ತನಿಖಾ ತಂಡ’ ಎಂದಷ್ಟೇ ಇತ್ತು.

“ಸರಿಯಿದೆಯಾ ಸರ್?”

ಅವನು ಸಹಿ ಹಾಕಿದ.

“ಕಳ್ಸಿ.”

ಅವಳು ಫೈಲು ಎತ್ತಿಕೊಂಡು ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು, ಆಮೇಲೆ ಹೋದಳು. ಕೆಲಸ ಚೆನ್ನಾಗಿ ಮಾಡಿದ್ದೀರಿ ಎಂದು ಅವನು ಹೇಳಲಿಲ್ಲ.